ಹುಡುಗಿ ಮುಂದೆ, ಕರು ಹಿಂದೆ

೧
ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. "ಅದೊಂದು ಲಾಕ್‌ಡೌನ್ ಮುಂಜಾನೆ" ಎಂದು ಬರೆದರೆ ನೀವು ಪುಟ ತಿರುವಿಬಿಡುತ್ತೀರಿ. ಅಂಥ ಮುಂಜಾನೆಗಳನ್ನು ನೀವೂ ಬೇಕಾದಷ್ಟು ಕಂಡವರೇ. ಗೂಗಲ್ ಫಾರ್ಮ್‌ನಿಂದ ಶುರು ಮಾಡುತ್ತೇನೆ. ಕಥೆಗೆ ಇದಕ್ಕಿಂತ ದರಿದ್ರ ಬಾಗಿಲು ಇನ್ನೊಂದಿಲ್ಲ. ಆದರೆ ನಾನು ಒಳಗೆ ಬಂದದ್ದು ಅದರಿಂದಲೇ.

ನಾನು ಒಂದು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಮಾಸ್ತರ. ಎರಡನೇ ಅಲೆಯ ಹೊತ್ತಿಗೆ ಎಲ್ಲರೂ ಊರು ಸೇರಿದಾಗ, ನಿಪ್ಪಾಣಿಯ ಮನೆಯಲ್ಲಿ ಕೂತು ವಿದ್ಯಾರ್ಥಿಗಳಿಗೂ ಸಹೋದ್ಯೋಗಿಗಳಿಗೂ ಒಂದು ಸರ್ವೇ ಕಳಿಸಿದೆ: "ಲಾಕ್‌ಡೌನಿನಲ್ಲಿ ನಿಮ್ಮ ವ್ಯಾಯಾಮ". ಯೋಗ, ವಾಕಿಂಗ್, ಸೂರ್ಯನಮಸ್ಕಾರ, ಇತರೆ. (ನನ್ನದು? ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ. "ವಾಕಿಂಗ್, ನಲವತ್ತೈದು ನಿಮಿಷ" ಎಂದು ತುಂಬಿದೆ. ಸುಳ್ಳು ಹೇಳಿದವರಲ್ಲಿ ನಾನೇ ಮೊದಲಿಗ.)

"ಇತರೆ" ಕಾಲಮಿನಲ್ಲಿ ಒಬ್ಬಳು ಬರೆದಿದ್ದಳು: ಕರು ಹಿಡಿಯುವುದು. ದಿನಾ ಐವತ್ತು ನಿಮಿಷ.

ಚೇಷ್ಟೆ ಎಂದುಕೊಂಡು ಆ ಸಾಲು ಅಳಿಸಿಬಿಟ್ಟೆ. ಮರುದಿನ ಮನಸ್ಸು ತಡೆಯದೆ ಅವಳಿಗೆ ಫೋನ್ ಹಚ್ಚಿದೆ.

೨
ಹುಡುಗಿಯ ಹೆಸರು ಅನುಸೂಯಾ, ಊರು ಅಥಣಿ ತಾಲೂಕಿನ ಐಗಳಿ. ಕ್ಯಾಂಪಸ್ಸಿನಲ್ಲಿ ಐದು ಸಾವಿರ ಮೀಟರ್ ಓಡುವವಳು. ಕ್ಲಾಸುಗಳು ತೆರೆದ ವಾರವೇ ಟೀಮಿನ ಆಯ್ಕೆ, ವಯಸ್ಸಿನ ಮಿತಿಯಲ್ಲಿ ಅವಳಿಗೆ ಅದೇ ಕಡೆಯ ವರ್ಷ. ಅಷ್ಟರಲ್ಲಿ ಕಾಲು ಜಡಗಟ್ಟಿದರೆ ಮುಗಿಯಿತು.

(ಮೊದಲ ಡ್ರಾಫ್ಟಿನಲ್ಲಿ "ಜಿಂಕೆಯಂಥ ಕಾಲು" ಎಂದು ಬರೆದು, ಅವಳಿಗೇ ಫೋನಿನಲ್ಲಿ ಓದಿ ತೋರಿಸಿದೆ.

"ಸರ್, ಜಿಂಕಿ ನೀವ್ ಎಲ್ಲಿ ನೋಡೀರಿ?"

"ಟಿವಿಯಾಗ."

"ಹಂಗಾರ ತಗೀರಿ ಅದನ್ನ."

ತೆಗೆದೆ.)

೩
ಊರಿಗೆ ಬಂದ ಮರುದಿನ ಅವಳು ಟ್ರ್ಯಾಕ್ ಪ್ಯಾಂಟು, ಶೂ ಹಾಕಿಕೊಂಡು ರಸ್ತೆಗಿಳಿದು ಓಡಿದಳು. ನಾಲ್ಕು ಮನೆ ದಾಟುವಷ್ಟರಲ್ಲಿ ಹೆಂಗಸರು ಹೊರಗೆ ಬಂದರು. ನೆರೆಮನೆಯ ಸಕ್ಕುಬಾಯಿ ಎದೆ ಹಿಡಿದುಕೊಂಡು ಕೂಗಿದರು: "ಯವ್ವಾ, ಯಾರಿಗೇನಾತ ಬೇ?"

ಆ ದಿನಗಳಲ್ಲಿ ಓಡುವವರು ಯಾಕೆ ಓಡುತ್ತಿದ್ದರೆಂದು ನಿಮಗೆ ಹೊಸದಾಗಿ ಹೇಳಬೇಕೆ? ಯಾರಿಗೋ ಉಸಿರು ಸಿಗುತ್ತಿಲ್ಲ, ಯಾರದೋ ಸುದ್ದಿ ಬಂದಿದೆ. ಸಕ್ಕುಬಾಯಿಯ ತಮ್ಮ ಆಗ ಆಸ್ಪತ್ರೆಯಲ್ಲಿದ್ದ. (ಬದುಕಿ ಬಂದ. ಈಗಲೇ ಹೇಳಿಬಿಡುತ್ತೇನೆ. ಸಸ್ಪೆನ್ಸಿಗಾಗಿ ಒಬ್ಬನ ಜೀವ ಹಿಡಿದುಕೊಂಡು ಕೂರುವಷ್ಟು ಕೆಟ್ಟವನಲ್ಲ ನಾನು.)

ತಂದೆ ಮಲಕಾರಿ ಬೈಯಲಿಲ್ಲ. "ಮಂದಿ ಎದಿ ಒಡೀತೈತಿ ಮಗಳ, ಓಡಬ್ಯಾಡ. ಮತ್ತ ದೊಡ್ಡ ಹುಡಿಗಿ ಅದಿ, ಪ್ಯಾಂಟ್ ಹಾಕ್ಕೊಂಡ..." ಎಂದು ಅರ್ಧಕ್ಕೇ ನಿಲ್ಲಿಸಿದರು.

೪
ಕಾರಣವಿಲ್ಲದೆ ಓಡಿದರೆ ಊರು ಹೆದರುತ್ತದೆ. ಕಾರಣ ಕಣ್ಣಿಗೆ ಕಂಡರೆ ಯಾರೂ ಏನೂ ಅನ್ನುವುದಿಲ್ಲ. ಮನೆಯಲ್ಲಿ ಒಂದು ಹೋರಿಗರು ಇತ್ತು. ಅನುಸೂಯಾ ಮುಂಜಾನೆ ಎದ್ದು ಅದರ ಹಗ್ಗ ಸಡಿಲಿಸುವಳು. ಅದು ಬಾಲ ಎತ್ತಿ ಹೊಲದ ದಾರಿ ಹಿಡಿಯುವುದು, ಇವಳು ಓಢಣಿ ಸೊಂಟಕ್ಕೆ ಬಿಗಿದು ಹಿಂದೆ. ಕಟ್ಟೆಯ ಮೇಲಿನ ಮುದುಕರು "ಬಲಕ್ಕ ಹೊಳ್ಳೈತಿ ನೋಡವ್ವಾ" ಎಂದು ಸಹಾಯ ಬೇರೆ ಮಾಡುತ್ತಿದ್ದರು. ಕರು ಬೇಗ ಸಿಕ್ಕಿಬಿಟ್ಟರೆ ಮತ್ತೆ ಬಿಟ್ಟು ಮತ್ತೆ ಹಿಡಿಯುತ್ತಿದ್ದಳು.

ಇಲ್ಲಿಗೇ ಕಥೆ ಮುಗಿಸಬಹುದಿತ್ತು. ಕರು ಒಪ್ಪಲಿಲ್ಲ.

೫
ಇಪ್ಪತ್ತನೆಯ ದಿನಕ್ಕೆ ಅದಕ್ಕೆ ಈ ಆಟ ತಿಳಿದುಹೋಯಿತು. ಹಗ್ಗ ಬಿಚ್ಚಿದರೆ ನಿಂತಲ್ಲೇ ನಿಲ್ಲುವುದು. ಅನುಸೂಯಾ ಓಡಿದರೆ ಮಾತ್ರ ಅವಳ ಬೆನ್ನು ಹತ್ತಿ ಓಡುವುದು. ಸಕ್ಕುಬಾಯಿ ನೋಡಿದರು, ಸಂಜೆ ಬಂದು ಹೇಳಿಯೂಬಿಟ್ಟರು.

"ಮಲಕಾರೆಣ್ಣಾ, ನಿಮ್ಮನ್ಯಾಗ ಯಾರು ಯಾರನ್ನ ಹಿಡ್ಯಾಕತ್ತಾರ, ಒಂದೂ ತಿಳೀವಲ್ದು. ಹುಡಿಗಿ ಮುಂದ, ಕರಾ ಹಿಂದ!"

ನಗುತ್ತಲೇ ಹೇಳಿದ್ದು. ಮಲಕಾರಿ ನಗಲಿಲ್ಲ. ಮಗಳು ಇಷ್ಟು ದಿನ ತಮ್ಮ ಕಣ್ಣಿಗೆ ಮಣ್ಣೆರಚಿದಳಲ್ಲ ಎಂದು ಅವರಿಗೆ ನೋವಾಯಿತು. ಹಗ್ಗ ತೆಗೆದು ಕರುವಿಗೆ ಸರಪಳಿ ಹಾಕಿ, ಕೀಲಿ ಜಡಿದರು.

ಅನುಸೂಯಾ ಫೋನಿನಲ್ಲಿ ಅತ್ತಳು. "ಆಯ್ಕಿಗೆ ಒಂದ ತಿಂಗಳಾ ಉಳದೈತ್ರಿ ಸರ್." ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಮದ್ದಿಲ್ಲ.

೬
ಮುಕ್ತಾಯ ಅ: ಅನುಸೂಯಾ ಪದಕ ಗೆಲ್ಲುತ್ತಾಳೆ, ಮಲಕಾರಿ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಮುಕ್ತಾಯ ಆ: ಶೂಗಳು ಅಟ್ಟ ಸೇರುತ್ತವೆ.

ಎರಡನ್ನೂ ಓದಿ ಹೇಳಿದೆ.

"ಎರಡೂ ಬ್ಯಾಡ್ರಿ ಸರ್. ಆಯ್ಕೆ ಆದ್ಲು ಅಂತ ಬರದ್ರ ಅಪ್ಪ ಸೋತಂಗ ಆಗತೈತಿ. ಆಗಲಿಲ್ಲ ಅಂತ ಬರದ್ರ ಅವ್ವ ಸೋತಂಗ."

"ನಡುವ ಅವ್ವ ಎಲ್ಲಿಂದ ಬಂದ್ರವಾ?"

"ಅದನ್ನ ಹೇಳಾಕತ್ತೇನ್ರಿ. ನೀವು ಅವ್ವನ್ನ ಇನ್ನೂ ಕಥಿಯಾಗ ಕರದ ಇಲ್ಲಲ್ರಿ!"

ಹೌದಲ್ಲ! ಕರುವಿಗೆ ಎರಡು ಭಾಗ ಕೊಟ್ಟೆ, ತಾಯಿಯ ಹೆಸರೂ ಹೇಳಲಿಲ್ಲ. ತಪ್ಪಾಯಿತು. ಬರ್ರಿ, ಭೀಮಾಬಾಯಿ.

೭
ಸರಪಳಿ ಬಿದ್ದ ಮರುದಿನ ಮುಂಜಾನೆ. ಮಲಕಾರಿ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದಾರೆ. ಕರು ಅವರೆದುರೇ ಮೆಲುಕು ಹಾಕುತ್ತ ನಿಂತಿದೆ. ಅನುಸೂಯಾ ಹೊಸ್ತಿಲ ಬಳಿ ಮೊಣಕಾಲು ಅಪ್ಪಿಕೊಂಡು ಕೂತಿದ್ದಾಳೆ. ಭೀಮಾಬಾಯಿ ಸಗಣಿ ಬುಟ್ಟಿ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಇಡೀ ಓಣಿಗೆ ಕೇಳುವಂತೆ ಕೂಗಿದರು:

"ಅಯ್ಯಯ್ಯ! ಕರಾ ಕಿತ್ಗೊಂಡ ಹೋತ ಬೇ! ಓಡ ಅನುಸೂಯಾ, ಹಿಡಿ!"

ಮಗಳು ತಾಯಿಯನ್ನು ನೋಡಿದಳು. ಕರುವನ್ನು ನೋಡಿದಳು.

"ನೋಡ್ಕೋತ ಏನ ಕುಂತಿ? ಹೋತ ಅಂದ್ನೆಲ್ಲ!"

ಅನುಸೂಯಾ ಎದ್ದು ಶೂ ಹಾಕಿಕೊಂಡಳು. ಲೇಸು ಎರಡೆರಡು ಸಲ ಬಿಗಿದಳು. (ಕರು ಓಡಿಹೋದ ಮನೆಯಲ್ಲಿ ಯಾರೂ ಇಷ್ಟು ನಿಧಾನ ಮಾಡುವುದಿಲ್ಲ. ಇರಲಿ.)

ಗೋಡೆಯಾಚೆಯಿಂದ ಸಕ್ಕುಬಾಯಿ ಇಣುಕಿದರು. ಸರಪಳಿಯಲ್ಲಿದ್ದ ಕರುವನ್ನು ನೋಡಿದರು, ಭೀಮಾಬಾಯಿಯ ಮುಖ ನೋಡಿದರು. ಅವರೂ ಕೂಗಿದರು: "ಹೌದ ಬೇ, ನಾನೂ ನೋಡಿದ್ನಿ! ಅಥಣಿ ದಾರಿ ಹಿಡದೈತಿ, ಲಗೂನ ಹೋಗ!"

ಅನುಸೂಯಾ ಓಡಿದಳು. ಸುದ್ದಿ ಅವಳಿಗಿಂತ ಮುಂದೆ ಓಡಿತು. ಓಣಿಯ ಉದ್ದಕ್ಕೂ ಜನ ಬಾಗಿಲಿಗೆ ಬಂದು, ತಾವು ಕಾಣದ ಕರುವಿಗೆ ಕೈ ಚಾಚಿ ದಾರಿ ತೋರಿಸಿದರು.

ಮಲಕಾರಿ ಚಹಾದ ಬಸಿ ಕೆಳಗಿಟ್ಟು ಹೆಂಡತಿಗೆ ಒಂದು ಮಾತು ಹೇಳಿದರು. ಏನೆಂದು ನನಗೆ ಗೊತ್ತು, ಭೀಮಾಬಾಯಿಯೇ ಹೇಳಿದ್ದಾರೆ. ಇಲ್ಲಿ ಬರೆಯುವುದಿಲ್ಲ. ಅನುಸೂಯಾ ಅಷ್ಟರಲ್ಲಿ ಬಹಳ ದೂರ ಹೋಗಿದ್ದಳು, ಅವಳಿಗೆ ಕೇಳಿಸಲಿಲ್ಲ.