ಹೊಳೆಯುವ ಬೂಷ್ಟು

ಮೇಲಿನ ಕಪಾಟಿಗೆ ಬಿಸಿಲು ತಾಗಿತು, ಅಂದರೆ ಸೂರ್ಯ ಪಕ್ಕದ ಮನೆಯ ನೀರಿನ ಟ್ಯಾಂಕು ದಾಟಿದ, ಬಾಟಲಿಗಳೆಲ್ಲ ಒಮ್ಮೆಲೇ ಹೊತ್ತಿಕೊಂಡ ಹಾಗೆ, ಮುಂದಿನವು ಜೇನಿನ ಬಣ್ಣ, ನಡುವಿನವು ಚಹಾದ ಬಣ್ಣ, ಹಿಂದಿನದು ಹಳೆಯ ಬೂಟಿನ ಬಣ್ಣ, ವೆನಿಲ್ಲಾ ಸಾರವನ್ನು ಬಿಸಿಲಿಗೆ ಇಡಬಾರದು ಎಂದು ಊರಿಗೆಲ್ಲ ಹೇಳುವವಳು ನಾನೇ, ಆದರೂ ಬೆಳಗ್ಗೆ ಇಷ್ಟು ಹೊತ್ತು ಪರದೆ ಸರಿಸಿಡುತ್ತೇನೆ, ನೋಡುವುದಕ್ಕೆ, ಇಂಡಿಯೂ ನೋಡಲಿ ಎಂದು — ಇಂಡಿ ಇವತ್ತಿಲ್ಲ. ಶನಿವಾರ, ಆದರೂ ಇಲ್ಲ. ಸ್ಟೂಲು ಮಾತ್ರ ಇದೆ, ಆರು ವರ್ಷದ ಮೊಮ್ಮಗಳು ಹತ್ತಿ ನಿಂತರೆ ಸೊಂಟ ಅಡುಗೆಕಟ್ಟೆಗೆ ಸರಿಯಾಗುವ ಸ್ಟೂಲು, ಅದರ ಅಂಚಿನಲ್ಲಿ ಹೋದ ವಾರದ ಹಿಟ್ಟಿನ ಬೆರಳಚ್ಚು, ಒರೆಸಿಲ್ಲ, ಒರೆಸುವುದೂ ಇಲ್ಲ. ಅಮ್ಮಾ, ಈ ಶನಿವಾರ ಇಂಡೀನ ಗಿಗಿ ಹತ್ರ ಬಿಡ್ತೀನಿ, ಪಾಪ ಅವರೂ ಕೇಳ್ತಾನೇ ಇದ್ದಾರೆ, ನಿಂಗೂ ಒಂಚೂರು ರೆಸ್ಟ್ ಸಿಗುತ್ತೆ ಎಂದಳು ಟ್ಯಾಮ್ಸಿನ್, ಹೆತ್ತ ಮಗಳು, ಫೋನಿನಲ್ಲಿ, ಹಲ್ಲುಜ್ಜುತ್ತಾ, ರೆಸ್ಟಂತೆ, ನಾನು ಯಾವತ್ತು ರೆಸ್ಟ್ ಬೇಕು ಅಂದೆ, ಅಂಗಡಿ ಕೆಲಸ ಬಿಟ್ಟ ಮೇಲೆ ವಾರವಿಡೀ ನನಗಿರುವುದು ರೆಸ್ಟೇ, ಶನಿವಾರ ಒಂದು ಬಿಟ್ಟು, ಆ ಒಂದಕ್ಕೇ ಕೈಹಾಕಬೇಕಿತ್ತೆ ಆ ಗಿಗಿ.

ಗಿಗಿ, ಅದೂ ಒಂದು ಹೆಸರೇ, ಸ್ವೆಟರು ತೊಡಿಸಿದ ನಾಯಿಮರಿಗೆ ಇಡುವ ಹೆಸರು, ಗ್ಲೆನಿಸ್ ಎಂದು ನೆಟ್ಟಗೆ ಇರುವಾಗ — ಅಜ್ಜಿ ಅನ್ನಿಸ್ಕೊಂಡ್ರೆ ಮಂಡಿನೋವು ಶುರುವಾದಂಗೆ ಆಗುತ್ತೆ ನೋಲ್, ಎಂದು ನಕ್ಕಿದ್ದಳು ನನ್ನ ಬೀಗಿತ್ತಿ, ಅಳಿಯನ ತಾಯಿ, ಅಡಿಲೇಡಿನ ಮನೆ ಮಾರಿ ಈ ನದಿ ದಂಡೆಯ ಊರಿಗೆ ಬಂದು ನನ್ನಿಂದ ಮೂರು ಬೀದಿ ಆಚೆ ಕೂತವಳು, ಸಣ್ಣ ಸೊಂಟ, ಬೆಳ್ಳಿ ಕೂದಲು, ಮನೆಗೆ ಬಂದವರ ಹೆಸರನ್ನು ಒಂದೇ ಸಲಕ್ಕೆ ನೆನಪಿಟ್ಟುಕೊಳ್ಳುವವಳು, ನೋಲೀನ್ ಎನ್ನುವ ನನ್ನನ್ನು ಎರಡನೇ ದಿನಕ್ಕೇ ನೋಲ್ ಮಾಡಿದವಳು, ನಾನು ಅವಳನ್ನು ಇನ್ನೂ ಗ್ಲೆನಿಸ್ ಎಂದೇ ಕರೆಯುತ್ತೇನೆ, ಉದ್ದಕ್ಕೆ, ಪೂರ್ತಿ. ಮತ್ತು ಅವಳನ್ನು ವೆನಿಲ್ಲಾ ಗುಂಪಿಗೆ ಸೇರಿಸಿದವಳೂ ನಾನೇ, ಯಾರೂ ಕತ್ತು ಹಿಡಿದು ಸೇರಿಸು ಅನ್ನಲಿಲ್ಲ, ಒಂದು ಭಾನುವಾರ ಇಲ್ಲಿ ಊಟಕ್ಕೆ ಬಂದು ನನ್ನ ಕಸ್ಟರ್ಡಿಗೆ ಬೆರಳದ್ದಿ ಕಣ್ಣು ಮುಚ್ಚಿದಳು, ಏನು ಹಾಕ್ತೀರಿ ಇದಕ್ಕೆ, ಅಂಗಡೀದಲ್ಲ ಅಲ್ವಾ ಎಂದಳು, ನಾನು ಉಬ್ಬಿಹೋದೆ, ಉಬ್ಬಿ ಎಲ್ಲ ಹೇಳಿದೆ, ವೆನಿಲ್ಲಾದ ಕೋಡು ಸೀಳಿ ವೋಡ್ಕಾದಲ್ಲಿ ಮುಳುಗಿಸಬೇಕು, ಕೋಡಿನ ತುದಿಯೂ ಮೇಲೆ ತೇಲಬಾರದು, ಒಂದು ವರ್ಷ ಕತ್ತಲಲ್ಲಿಟ್ಟು ವಾರಕ್ಕೊಮ್ಮೆ ಅಲುಗಿಸಬೇಕು, ಕೋಡನ್ನು ಅಂಗಡಿಯಲ್ಲಿ ಕೊಳ್ಳಬಾರದು, ಒಣಗಿದ ಕಡ್ಡಿ ಅವು, ನಮ್ಮದೊಂದು ಗುಂಪಿದೆ ಆನ್‌ಲೈನಿನಲ್ಲಿ, ಕೆಯರ್ನ್ಸ್‌ನ ಹೆಂಗಸೊಬ್ಬಳು ಎಲ್ಲರ ಪಾಲು ಕೂಡಿಸಿ ದ್ವೀಪಗಳ ಬೆಳೆಗಾರರಿಂದಲೇ ತರಿಸುತ್ತಾಳೆ, ಪಾಲು ತೆರೆದ ಕೂಡಲೇ ಫೋನಿನಲ್ಲಿ ಬೇಕು ಎಂದು ಒತ್ತಬೇಕು, ಒಂದು ಚಹಾ ಕುಡಿಯುವಷ್ಟರಲ್ಲಿ ಖಾಲಿ. ಒತ್ತುವುದನ್ನೂ ನಾನೇ ಕಲಿಸಿದೆ, ಅವಳ ಫೋನು ನನ್ನ ಕೈಯಲ್ಲಿ, ಅವಳ ಗಲ್ಲ ನನ್ನ ಹೆಗಲ ಹತ್ತಿರ, ಲವೆಂಡರ್ ವಾಸನೆ.

ಟೋಂಗಾ ದ್ವೀಪದ ಕೋಡಿನ ಪಾಲು ತೆರೆದ ದಿನ ನಾನು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿದ್ದೆ, ಅರ್ಧ ಬಾಯಿ ಮರಗಟ್ಟಿತ್ತು, ಹೊಟ್ಟೆಯ ಮೇಲೆ ಫೋನು ಗುಂಯ್ ಗುಂಯ್ ಎನ್ನುತ್ತಿತ್ತು, ಕೈ ಚಾಚಿದರೆ ಅಲ್ಲಾಡ್ಬೇಡಿ ಎಂದ ಆತ, ಎದ್ದು ನೋಡುವಾಗ ಮುಗಿದಿತ್ತು, ಕೊನೆಯ ಪಾಲಿನ ಎದುರು ಗ್ಲೆನಿಸಳ ಹೆಸರು ಮತ್ತು ಒಂದು ನಗುವ ಮುಖ, ಸುಮ್ನೆ ಒತ್ತಿ ನೋಡ್ದೆ ನೋಲ್, ಆಗೇ ಹೋಯ್ತು ನೋಡಿ ಎಂದಳು ಆಮೇಲೆ, ಸುಮ್ನೆಯಂತೆ, ಅವಳಿಗೆ ಎಲ್ಲವೂ ಸುಮ್ಮನೇ ಆಗುತ್ತದೆ, ಮಗುವೂ ಸುಮ್ಮನೇ ಅವಳ ಮಡಿಲು ಹತ್ತುತ್ತದೆ. ನಾನು ಜೊಲ್ಲು ಒರೆಸಿಕೊಳ್ಳುತ್ತಾ ಒಳ್ಳೇದಾಯ್ತು ಎಂದೆ, ಬಂದ ತಕ್ಷಣ ನೆನೆಹಾಕಬೇಡಿ, ಗಾಜಿನ ಡಬ್ಬಿಯಲ್ಲಿ ಕೆಲವು ವಾರ ಸುಮ್ಮನೆ ಮಲಗಿಸಿಡಿ ಎಂದೂ ಹೇಳಿದೆ. ಅಷ್ಟು ಒಳ್ಳೆಯವಳು ನಾನು. ಮೊನ್ನೆ ಗೊತ್ತಾಯಿತು ಅವು ಯಾರಿಗೆ ಎಂದು, ಶಾಲೆಯ ಗೇಟಿನಲ್ಲಿ, ಇಂಡಿಯ ಬಾಯಿಂದಲೇ, ಅಜ್ಜಿಯಾದ ನಾನು ಅವಳಿಗೆ ನ್ಯಾನ್, ನ್ಯಾನ್, ನ್ಯಾನ್, ಗಿಗಿ ನಂಗೇ ಅಂತ ಒಂದು ಬಾಟ್ಲಿ ತಂದಿದ್ದಾಳೆ, ನನ್ನ ಮೊದಲ್ನೇ ಬಾಟ್ಲಿ, ಪ್ರತಿ ಶನಿವಾರ ನಾನೇ ಹೋಗಿ ಅಲ್ಲಾಡಿಸ್ಬೇಕು, ಒಂದ್ ವರ್ಷ — ಪ್ರತಿ ಶನಿವಾರ, ಬಾಟಲಿ ಎಲ್ಲಿರುತ್ತದೋ ಅಲ್ಲಿಗೆ, ನನ್ನದೇ ಲೆಕ್ಕ, ನನ್ನದೇ ಪಾಠ, ಆ ಮೊದಲ ಬಾಟಲಿಯನ್ನು ಏಳನೇ ಹುಟ್ಟುಹಬ್ಬಕ್ಕೆ ಎಂದು ನಾನು ಮನಸ್ಸಿನಲ್ಲೇ ಎತ್ತಿಟ್ಟಿದ್ದೆ, ಯಾರಿಗೂ ಹೇಳಿರಲಿಲ್ಲ, ಹೇಳದೆ ಇದ್ದದ್ದು ಇಲ್ಲವೇ ಇಲ್ಲ ಎಂದಾಯಿತು. ಈಗ ಆ ಮನೆಯಲ್ಲಿ ಏಪ್ರನ್ ಕಟ್ಟುತ್ತಿರಬಹುದು, ಹೂವಿನ ಏಪ್ರನ್, ಜೋಡಿ ಏಪ್ರನ್ ಇಟ್ಟಿರುತ್ತಾಳೆ, ದೊಡ್ಡದೊಂದು ಚಿಕ್ಕದೊಂದು, ಅಂಥವಳು ಅವಳು —

ಫೋನು. ಅವಳೇ. ಮೊದಲು ಚಿತ್ರ ಬಂತು, ಆಮೇಲೆ ಮಾತು. ಚಿತ್ರದಲ್ಲಿ ಒಂದು ಅಂಗೈ, ಚಿಕ್ಕದು, ಇಂಡಿಯದು, ನನಗೆ ಗೊತ್ತಿಲ್ಲವೇ ಆ ಕೈ, ಅದರ ಮೇಲೆ ಅಡ್ಡಡ್ಡ ನಾಲ್ಕೈದು ಕೋಡು, ಕಪ್ಪಗೆ, ಎಣ್ಣೆ ಹಚ್ಚಿದ ಹಾಗೆ, ಮತ್ತು ಅವುಗಳ ಮೈತುಂಬ ಬಿಳಿ. ನೋಲ್, ತಲೆ ಕೆಟ್ಟೋಯ್ತು, ಟೋಂಗಾ ಡಬ್ಬಿ ಈಗ ತೆಗೆದ್ವಿ, ಎಲ್ಲಾ ಬಿಳೀ ಬಿಳೀ, ಬೂಷ್ಟಾ ಇದು? ಗುಂಪಲ್ಲಿ ಕೇಳೋಕೆ ನಾಚಿಕೆ, ನಗ್ತಾರೆ. ನಿಮ್ಮನ್ನೇ ಕೇಳ್ತಿದೀನಿ, ನೀವು ಹೇಳಿದಂಗೆ ಮಾಡ್ತೀನಿ. ಬೆರಳಿನಿಂದ ಚಿತ್ರ ಹಿಗ್ಗಿಸಿದೆ, ಇನ್ನೂ ಹಿಗ್ಗಿಸಿದೆ — ಸೂಜಿಗಳು, ಕೂದಲಿಗಿಂತ ಸಣ್ಣ ಸೂಜಿಗಳು, ನೆಟ್ಟಗೆ ನಿಂತಿವೆ, ಚಳಿಗಾಲದ ಬೆಳಗ್ಗೆ ಹುಲ್ಲಿನ ಮೇಲೆ ನಿಲ್ಲುವ ಹಿಮದ ಹಾಗೆ, ಒಂದರ ತುದಿಯಲ್ಲಿ ಕಿಟಕಿಯ ಬೆಳಕು ಮುರಿದು ನೀಲಿ, ಹಳದಿ. ಹರಳು. ಕೋಡಿನ ಒಳಗಿನ ಸತ್ವ ತುಂಬಿ, ಹಿಡಿಸಲಾರದೆ, ತಾನಾಗಿ ಹೊರಗೆ ಬಂದು ಹರಳುಗಟ್ಟಿದ್ದು, ಇಷ್ಟು ವರ್ಷ ತರಿಸಿದ್ದೇನೆ, ಪಪುವಾದ್ದು, ತಾಹಿತಿಯದ್ದು, ಒಂದು ಕೋಡಿನ ಮೇಲೂ ನನಗೆ ಬಂದಿಲ್ಲ, ಡಬ್ಬಿ ಬಿಚ್ಚುವಾಗಲೆಲ್ಲ ಕಿಟಕಿಗೆ ಹಿಡಿದು ನೋಡಿದ್ದೇನೆ, ಇಲ್ಲ, ಅವಳಿಗೆ ಬಂದಿದೆ, ಮೊದಲ ಸಲಕ್ಕೇ, ಸುಮ್ಮನೆ, ನಾನು ಮಲಗಿಸಿಡಿ ಎಂದದ್ದಕ್ಕೇ ಬಂದಿದೆ. ಮತ್ತು ಅವಳು ಬೂಷ್ಟಾ ಎಂದು ಕೇಳುತ್ತಾಳೆ.

ಬೂಷ್ಟು ಹೊಳೆಯುವುದಿಲ್ಲ, ಬೂಷ್ಟು ಹತ್ತಿಯ ಹಾಗೆ ಮಂಕಾಗಿ ಹಬ್ಬುತ್ತದೆ, ಬಿಸಿಲಿಗೆ ಹಿಡಿದು ಓರೆಮಾಡಿ ನೋಡಿ, ಹೊಳೆದರೆ ಕುಣಿದಾಡಿ — ಎಷ್ಟು ಜನಕ್ಕೆ ಬರೆದಿಲ್ಲ ನಾನು, ಪರ್ತ್ ಕಡೆಯ ಒಬ್ಬಳು ಕಸದ ಡಬ್ಬಿಯ ಮುಚ್ಚಳ ತೆಗೆದು ನಿಂತಿದ್ದವಳು ನನ್ನ ಮಾತು ಓದಿ ಅತ್ತೇಬಿಟ್ಟಿದ್ದಳು, ಮುಖ ಕಂಡವಳಲ್ಲ, ಅವಳಿಗೆ ಹೇಳುವುದಕ್ಕೆ ನನಗೆ ಏನೂ ಅನ್ನಿಸಿರಲಿಲ್ಲ. ಈಗಲೂ ಹೆಬ್ಬೆರಳು ತಾನಾಗಿ ಓಡಿತು, ಬೂಷ್ಟಲ್ಲ ಗ್ಲೆನಿಸ್, ಅದು — ಅಲ್ಲಿಗೆ ನಿಂತಿತು. ನಾನು ಹೇಳಿದ ಮೇಲೆ ಅವಳು ಹಾಕುವ ಕೂಗು ಈಗಲೇ ಕೇಳಿಸಿತು, ಇಲ್ಲಿಗೇ, ಮೂರು ಬೀದಿ ದಾಟಿ, ಅಯ್ಯೋ ಇಂಡೀ, ನಮಗೆ ಹರಳು ಬಂದಿದೆ ಕಣೇ, ಗುಂಪಿನಲ್ಲಿ ಚಿತ್ರ, ಅದರ ಕೆಳಗೆ ಕೆಂಪು ಹೃದಯಗಳ ಸಾಲು, ನಾನೂ ಒಂದು ಹೃದಯ ಒತ್ತಬೇಕು, ಒತ್ತದಿದ್ದರೆ ಟ್ಯಾಮ್ಸಿನ್ ಕೇಳುತ್ತಾಳೆ ಯಾಕಮ್ಮ ಸುಮ್ನಿದ್ದೀಯ, ಮತ್ತು ಆ ಹರಳಿನ ಕೋಡುಗಳೆಲ್ಲ ಒಂದು ಬಾಟಲಿಯೊಳಗೆ, ಇಂಡಿಯ ವಕ್ರ ಅಕ್ಷರದ ಚೀಟಿ, ಗಿಗಿಯ ಕಪಾಟಿನಲ್ಲಿ, ಪ್ರತಿ ಶನಿವಾರ, ಒಂದು ವರ್ಷ, ವರ್ಷವಾದ ಮೇಲೆ ಅಭ್ಯಾಸ ಎಂಬುದು ಇದೆಯಲ್ಲ. ಅಳಿಸಿದೆ. ಒಂದೊಂದೇ ಅಕ್ಷರ ಹಿಂದಕ್ಕೆ ಹೋಯಿತು. ಅದು ಬೂಷ್ಟೂ ಇರಬಹುದಲ್ಲ, ಚಿತ್ರದಲ್ಲಿ ಯಾರಿಗೆ ಗೊತ್ತಾಗುತ್ತದೆ, ಮಗುವಿನ ಕೈಗೆ ಏನಾದರೂ ಆದರೆ, ಎಚ್ಚರಿಕೆ ಒಳ್ಳೆಯದು — ಗೊತ್ತಾಗುತ್ತದೆ ನೋಲೀನ್, ನಿನಗೆ ಚೆನ್ನಾಗಿ ಗೊತ್ತಾಗುತ್ತದೆ. ಆದರೂ ಬರೆದೆ. ಬೂಷ್ಟು. ಬಿಸಾಕಿಬಿಡಿ, ಮುಟ್ಟಬೇಡಿ. ನನ್ನ ಹತ್ರ ಒಳ್ಳೇ ಕೋಡಿವೆ, ಇಂಡೀನ ಕರ್ಕೊಂಡು ಇಲ್ಲಿಗೇ ಬನ್ನಿ. ಹೋಯಿತು. ಎಷ್ಟು ಸಲೀಸಾಗಿ ಹೋಯಿತು.

ಎದ್ದು ಕೆಟಲ್ ಹಾಕಿದೆ, ಬರುತ್ತಾರೆ, ಈಗ ಹೊರಟರೆ ಬಂದೇಬಿಡುತ್ತಾರೆ, ಪಪುವಾದ ಕೋಡಿನ ಡಬ್ಬಿ ಇಳಿಸಿದೆ, ಚೆನ್ನಾಗಿವೆ, ಏನಾಗಿದೆ ಇವಕ್ಕೆ, ಮೆತ್ತಗೆ ಬಾಗುತ್ತವೆ, ಹರಳಿಲ್ಲ ಅಷ್ಟೇ, ವೋಡ್ಕಾ ತೆಗೆದಿಟ್ಟೆ, ಮೊಂಡು ಚಾಕು ತೆಗೆದಿಟ್ಟೆ, ಸಣ್ಣ ಬಾಟಲಿ, ಅಲ್ಲ, ಇನ್ನೂ ಚೆಂದದ್ದು, ಗಾಜಿನ ಬಿರಡೆಯದು, ಸ್ಟೂಲನ್ನು ಕಪಾಟಿನ ಕೆಳಗೆ ಎಳೆದೆ, ಗಿಗಿ ಬೇಕಾದರೆ ಸೋಫಾದಲ್ಲಿ ಕೂರಲಿ, ಬಿಸ್ಕತ್ತು ಕೊಡುತ್ತೇನೆ, ಉದಾರವಾಗಿರುತ್ತೇನೆ, ಹೊರಗೆ ತಂತಿಯ ಮೇಲೆ ಬಿಳಿ ಗಿಣಿಗಳು ಕಿರುಚುತ್ತಿವೆ, ಗುಂಯ್ — ಮತ್ತೆ ಚಿತ್ರ. ಮತ್ತೆ ಮಾತು. ಥ್ಯಾಂಕ್ಸ್ ನೋಲ್, ಪುಣ್ಯಕ್ಕೆ ನಿಮ್ಮನ್ನ ಕೇಳ್ದೆ. ಸಿಂಕಿಗೇ ಹಾಕಿ ಬಿಸಿನೀರು, ಬ್ಲೀಚು ಸುರಿದುಬಿಟ್ಟೆ, ಇಂಡೀ ಕೈ ಎರಡೆರಡು ಸಲ ಸೋಪು ಹಾಕಿ ತೊಳೆಸಿದೆ, ನೋಡಿ, ಸರಿಯಾಗಿ ಹೋಗಿದ್ಯಾ? ಅಳ್ತಿದಾಳೆ. ಬೂಷ್ಟಲ್ಲ, ಹೊಳೀತಿತ್ತು ಹೊಳೀತಿತ್ತು ಅಂತಾಳೆ. ನ್ಯಾನ್ ಮನೆಗೆ ಹೋಗಿ ಬೇರೆ ಮಾಡೋಣ ಅಂದೆ, ಬೇಡ್ವಂತೆ. ನ್ಯಾನೇ ಬಿಸಾಕು ಅಂದಿದ್ದಲ್ವಾ ಅಂತಾಳೆ.

ಕೆಟಲ್ ಕುದಿಯುತ್ತಿದೆ, ಆರಿಸಬೇಕು, ಬರೆಯಬೇಕು, ಏನು ಬರೆಯುವುದು, ಹೊಳೀತಿತ್ತಾ ಎಂದು ಕೇಳುವುದೇ, ಗೊತ್ತಿಲ್ಲದವಳ ಹಾಗೆ, ಇನ್ನೊಮ್ಮೆ ನೋಡಬೇಕಿತ್ತು ಎಂದು ಬರೆಯುವುದೇ, ಸಿಂಕಿನಲ್ಲಿ ಏನು ಉಳಿದಿದೆ ಈಗ, ಸರಿಯಾಗಿ ಹೋಗಿದೆಯಾ ಎಂದು ಕೇಳಿದ್ದಾಳೆ, ಅದಕ್ಕಾದರೂ ಉತ್ತರ ಕೊಡಬೇಕು, ಹೆಬ್ಬೆರಳು ಫೋನಿನ ಗಾಜಿನ ಮೇಲಿದೆ, ಅಲ್ಲಾಡುತ್ತಿಲ್ಲ, ಗಾಜಿನ ಕೆಳಗೆ ಆ ಅಂಗೈ, ಚಿಕ್ಕದು, ಖಾಲಿ, ಉಜ್ಜಿ ಉಜ್ಜಿ ಕೆಂಪಾಗಿದೆ, ಒದ್ದೆ, ನನ್ನತ್ತ ಚಾಚಿದೆ, ಹೋಗಿದೆಯಾ ಎಂದು ತೋರಿಸುವುದಕ್ಕೆ ಐದು ಬೆರಳನ್ನೂ ಬಿಡಿಸಿ ಚಾಚಿದೆ, ಆ ಅಂಗೈ, ಒದ್ದೆ ಅಂಗೈ