ಪಾನ್ಯಾಂಗಳ ಪಾಲಿನ ನೀರು

ಜೂನ್ ಇಪ್ಪತ್ತೆರಡರ ಸಂಜೆ ಸರಿಯಾಗಿ ಐದು ಗಂಟೆಗೆ ಪೆರ್ಲಾ ಸ್ಟ್ರೈಟ್ನರನ್ನು ಕೆಳಗಿಟ್ಟು, ಸಲೂನಿನ ಗೋಡೆ ಗಡಿಯಾರದ ಕಡೆ ಕೈ ತೋರಿಸಿದಳು.

"ಈಗಿಂದ ಮೂರು ದಿನ, ಪಾನ್ಯಾಂಗ್ ಅಕ್ಕ. ನೀರು ತಾಕ್ಬಾರ್ದು, ಬೆವರ್ಬಾರ್ದು, ಕಟ್ಬಾರ್ದು, ಕ್ಲಿಪ್ ಹಾಕ್ಬಾರ್ದು, ಕಿವಿ ಹಿಂದಕ್ಕೆ ಸಿಕ್ಕಿಸ್ಬಾರ್ದು."

"ಉಸಿರಾಡ್ಬಹುದಾ?"

"ಮೆಲ್ಲಗೆ."

ಪಾನ್ಯಾಂಗ್ ನಗಲಿಲ್ಲ. ಕನ್ನಡಿಯನ್ನೇ ನೋಡುತ್ತಿದ್ದಳು. ಗುಂಗುರು ಕೂದಲನ್ನು ನೆಟ್ಟಗಾಗಿಸುವ ರಿಬಾಂಡಿಗೆಂದು ಏಳು ಗಂಟೆಗಳ ಕಾಲ ಮೂಗು ಸುಡುವ ಔಷಧಿ ಹಚ್ಚಿಸಿಕೊಂಡು, ತೊಳೆಸಿಕೊಂಡು, ಎಳೆ ಎಳೆಯಾಗಿ ಕಾಯಿಸಿಕೊಂಡು ಕೂತಿದ್ದವಳು. ಈಗ ಕೂದಲು ಭುಜದ ಕೆಳಗೆ ಕಪ್ಪು ರೇಷ್ಮೆಯ ಹಾಗೆ ಇಳಿಬಿದ್ದಿತ್ತು. ಮುಟ್ಟಲು ಕೈ ಎತ್ತಿದಳು. ಪೆರ್ಲಾ ಮಣಿಕಟ್ಟಿಗೆ ಒಂದು ಏಟು ಕೊಟ್ಟಳು.

ಪಾನ್ಯಾಂಗ್ ನನ್ನ ಪಕ್ಕದ ಮನೆಯವಳು, ಆರನೇ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಈಗ ಅವಳಿಗೆ ಐವತ್ತೊಂದು. ಇಗರ್ಜಿಯ ಬಾಗಿಲಲ್ಲಿ ಕಡುಬು ಮಾರುತ್ತಾಳೆ. "ಗುಂಗುರು ಗುಂಗುರು, ಊರಿಗೆಲ್ಲ ಜ್ವರ" ಎಂದು ಹುಡುಗರು ಅವಳ ಹಿಂದೆ ಕೂಗಿಕೊಂಡು ಓಡುತ್ತಿದ್ದದ್ದು ನನಗೆ ನೆನಪಿದೆ. ಆ ವರ್ಷದ ತರಗತಿಯ ಫೋಟೋದಲ್ಲಿ ಅವಳ ತಲೆ ಕಾಣುವುದಿಲ್ಲ. ಫೋಟೋದವನು ಮೂರು ಎಣಿಸುವಷ್ಟರಲ್ಲಿ ಪುಸ್ತಕವನ್ನು ನೆತ್ತಿಯ ಮೇಲೆ ಹಿಡಿದಿದ್ದಳು.

ಇಪ್ಪತ್ತಾರಕ್ಕೆ ಅವಳ ಮದುವೆ. ವರ ಈಸ್ಕೋ, ಜೀಪ್ನಿ ಎಂಬ ಪುಟ್ಟ ಬಸ್ಸು ಓಡಿಸುವವನು, ಅವಳಿಗಿಂತ ಎರಡು ವರ್ಷ ದೊಡ್ಡವನು. ನಾನು ಮದುವೆಯ ಧರ್ಮತಾಯಿ, ಪರದೆ ಹೊದಿಸುವವಳು. ನಮ್ಮ ಮದುವೆಗಳಲ್ಲಿ ಒಂದೇ ಬಿಳಿ ಪರದೆಯನ್ನು ವಧುವಿನ ತಲೆಗೂ ವರನ ಭುಜಕ್ಕೂ ಪಿನ್ನು ಹಾಕಿ ಹೊದಿಸುತ್ತೇವೆ. "ನನ್ನ ತಲೆ ಮೇಲೆ ಪರದೆ ನಿಲ್ಲಲ್ಲ ಟೀಚರ್, ಹಾರಿ ಹೋಗತ್ತೆ" ಎಂದು ಅವಳು ತಿಂಗಳಿಂದ ಹೇಳುತ್ತಿದ್ದಳು. "ಒಂದೇ ಒಂದು ದಿನ ಈ ಕೂದಲು ನೆಟ್ಟಗೆ ಕೂತ್ಕೊಂಡ್ರೆ ಸಾಕು. ಆಮೇಲೆ ಏನಾದ್ರೂ ಆಗ್ಲಿ."

ಜೂನ್ ತಿಂಗಳ ವಧುಗಳೆಲ್ಲ ಮುಂಚೆಯೇ ದಿನ ಗೊತ್ತುಮಾಡಿಕೊಂಡಿದ್ದರಿಂದ ಪೆರ್ಲಾಳ ಕುರ್ಚಿ ಸಿಕ್ಕಿದ್ದು ಇಪ್ಪತ್ತೆರಡಕ್ಕೆ. ಇಪ್ಪತ್ನಾಲ್ಕು ಸಾನ್ ಹುವಾನ್ ಹಬ್ಬ. ಜನರಿಗೆ ಹೊಳೆಯಲ್ಲಿ ದೀಕ್ಷಾಸ್ನಾನ ಕೊಟ್ಟ ಸಂತನ ದಿನ. ಅಂದು ನಮ್ಮೂರಿನಲ್ಲಿ ಒಣ ಬಟ್ಟೆಯಲ್ಲಿ ಬೀದಿ ದಾಟಿದವರಿಲ್ಲ. ಎದುರು ಸಿಕ್ಕವರಿಗೆಲ್ಲ ನೀರು ಎರಚುತ್ತಾರೆ. ಪಾದ್ರಿಗೂ ನೀರು, ಪೊಲೀಸನಿಗೂ ನೀರು. ಅದು ಆಶೀರ್ವಾದ, ಯಾರೂ ಸಿಟ್ಟಾಗುವಂತಿಲ್ಲ.

"ಬಾಗ್ಲು ಹಾಕ್ಕೊಂಡು ಒಳಗೆ ಕೂತಿರ್ತೀನಿ, ಅಷ್ಟೇ ತಾನೆ?" ಎಂದಿದ್ದಳು ಪಾನ್ಯಾಂಗ್.

ಹಬ್ಬದ ಬೆಳಿಗ್ಗೆ ಏಳಕ್ಕೆ ಪಕ್ಕದ ಮನೆಯಿಂದ ಕಿರುಚಿದ್ದು ಕೇಳಿ ಹಿತ್ತಲ ಬಾಗಿಲಿನಿಂದಲೇ ಓಡಿದೆ. ಪಾನ್ಯಾಂಗ್ ಕುರ್ಚಿಯಲ್ಲಿ ಕೂತಿದ್ದಳು. ಕೈಯಲ್ಲಿ ಕಡುಬು ಬೇಯಿಸುವಾಗ ತಲೆಗೆ ಹಾಕುವ ಎಲಾಸ್ಟಿಕ್ಕಿನ ಬಲೆ. ಮೂವತ್ತು ವರ್ಷಗಳ ಅಭ್ಯಾಸ. ನಾಲ್ಕಕ್ಕೆ ಎಚ್ಚರವಾದಾಗ ಕೈ ತಾನಾಗಿಯೇ ಬಲೆ ಹಾಕಿದೆ. ಇವತ್ತು ಕೆಲಸವಿಲ್ಲವಲ್ಲ ಎಂದು ಅವಳು ಕೂತಲ್ಲೇ ಮತ್ತೆ ನಿದ್ದೆ ಹೋಗಿದ್ದಾಳೆ. ಈಗ ತಲೆಯ ಸುತ್ತ ಕೂದಲು ಮಡಿಚಿ ಒಂದು ಮಡಿಕೆ ಬಿದ್ದಿತ್ತು, ಪಾತ್ರೆಯ ಕಂಠದ ಹಾಗೆ. ಅದರ ಕೆಳಗಿನ ಕೂದಲೆಲ್ಲ ಹೊರಕ್ಕೆ ಚಾಚಿಕೊಂಡಿತ್ತು.

ಪೆರ್ಲಾಗೆ ಫೋನು ಮಾಡಿದೆ. ಪೆರ್ಲಾಗೆ ಹುಟ್ಟಿದಾಗ ಇಟ್ಟ ಗಂಡು ಹೆಸರು ಪೆರ್ಫೆಕ್ತೋ. ಅದು ಈಗ ಇಗರ್ಜಿಯ ದಫ್ತರದಲ್ಲಿ ಮಾತ್ರ ಉಳಿದಿದೆ. ಹತ್ತು ನಿಮಿಷದಲ್ಲಿ ಅವಳು ಅಡಿಯಿಂದ ಮುಡಿಯವರೆಗೆ ತೊಟ್ಟಿಕ್ಕುತ್ತಾ ಬಂದಳು. ಹುಬ್ಬಿನ ಬಣ್ಣ ಗಲ್ಲಕ್ಕೆ ಇಳಿದಿತ್ತು. ಎದೆಗೆ ಅವುಚಿಕೊಂಡಿದ್ದ ಮುಚ್ಚಳದ ಪಾತ್ರೆಯೊಳಗೆ ಮೂರು ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಸ್ಟ್ರೈಟ್ನರು, ಒದ್ದೆಯಾಗದೆ ಇತ್ತು.

"ಬಲೆ ಹಾಕ್ಬೇಡ ಅಂತ ನಾನು ಹೇಳ್ಲಿಲ್ಲ, ನಿಜ," ಎಂದಳು, ಅಪರಾಧಿಯ ಹಾಗೆ. "ಅಷ್ಟು ಪೆದ್ದು ಯಾರಿರ್ತಾರೆ ಅಂದ್ಕೊಂಡಿದ್ದೆ."

ಪ್ಲಗ್ಗು ಹಾಕಿದಳು. ದೀಪ ಹತ್ತಲಿಲ್ಲ. ಯಾರದೋ ಪೈಪಿನ ನೀರು ಕಂಬದ ಪೆಟ್ಟಿಗೆಗೆ ತಾಗಿ ಕಿಡಿ ಹಾರಿದ್ದರಿಂದ ನಮ್ಮ ಓಣಿಯ ವಿದ್ಯುತ್ತನ್ನು ಸಂಜೆಯವರೆಗೆ ತೆಗೆದಿದ್ದರು.

"ಸಂಜೆಗೆ ಮಡಿಕೆ ಗಟ್ಟಿಯಾಗ್ಬಿಡತ್ತೆ," ಎಂದಳು ಪೆರ್ಲಾ. "ಈಗ್ಲೇ ಸಲೂನಿಗೆ ಹೋಗ್ಬೇಕು."

ಸಲೂನು ಮುಖ್ಯ ಬೀದಿಯಲ್ಲಿದೆ. ಇನ್ನೂರು ಹೆಜ್ಜೆ. ಹೊರಗೆ ಡೋಲು, ಕೇಕೆ, ಬಕೆಟ್ಟುಗಳ ಸದ್ದು.

"ಕೊಡೆ?" ಎಂದೆ.

"ಕೊಡೆ ಕಂಡ್ರೆ ಮೊದಲು ಅದಕ್ಕೇ ಹೊಡೀತಾರೆ ಟೀಚರ್. ಪ್ಲಾಸ್ಟಿಕ್ ಸುತ್ತಿದ್ರೆ ಬೆವರತ್ತೆ."

ಅಷ್ಟರಲ್ಲಿ ಈಸ್ಕೋ ಬಾಗಿಲಲ್ಲಿ ನಿಂತಿದ್ದ. ಕಿರುಚಿದ್ದು ಅವನಿಗೂ ಕೇಳಿತ್ತು. ಪಾನ್ಯಾಂಗ್ ಎರಡೂ ಕೈಯಿಂದ ತಲೆ ಮುಚ್ಚಿಕೊಳ್ಳಲು ಹೋಗಿ, ಪೆರ್ಲಾಳ ಕಣ್ಣು ನೋಡಿ ಕೈ ಇಳಿಸಿದಳು.

"ನೋಡ್ಬೇಡ," ಎಂದಳು.

"ನೋಡಿ ಆಯ್ತು. ಟೋಪಿ ಹಾಕ್ಕೊಂಡ ಹಾಗಿದೆ, ಚೆನ್ನಾಗಿದೆ."

"ಈಸ್ಕೋ!"

"ಸರಿ, ಸರಿ. ನಾನು ಮುಂದೆ ಹೋಗ್ತೀನಿ. ನೀವು ಮೂವರೂ ನನ್ನಿಂದ ಹತ್ತು ಹೆಜ್ಜೆ ಹಿಂದೆ ಬನ್ನಿ."

ಹೊರಟೆವು. ಪಾನ್ಯಾಂಗ್ ತುಂಬಿದ ಸಾರಿನ ಪಾತ್ರೆಯನ್ನು ತಲೆಯ ಮೇಲೆ ಹೊತ್ತವಳ ಹಾಗೆ ಕತ್ತು ಅಲ್ಲಾಡಿಸದೆ ನಡೆದಳು. ಎಡಕ್ಕೆ ನಾನು, ಬಲಕ್ಕೆ ಪೆರ್ಲಾ. ಮೊದಲನೇ ಮನೆಯ ಮಹಡಿಯ ಕಿಟಕಿಯಲ್ಲಿ ವಿಧವೆ ಕಾರ್ಮೆಲಿನಾ ಬೋಗುಣಿ ಬಗ್ಗಿಸಿಯಾಗಿತ್ತು. ನೀರು ಅಂಚಿಗೆ ಬಂದಿತ್ತು.

"ರಿಬಾಂಡ್!" ಎಂದು ಪೆರ್ಲಾ ಗಂಟಲು ಹರಿಯುವ ಹಾಗೆ ಕೂಗಿದಳು. "ರಿಬಾಂಡ್ ಮಾಡ್ಸಿದ್ದಾಳೆ! ಮೂರು ದಿನ ಆಗಿಲ್ಲ!"

ಈ ಮಾತು ತಿಳಿಯದ ಹೆಂಗಸು ನಮ್ಮೂರಿನಲ್ಲಿಲ್ಲ. ಕಾರ್ಮೆಲಿನಾ ಬೋಗುಣಿಯನ್ನು ಗಕ್ಕನೆ ತನ್ನ ಕಡೆಗೇ ಎಳೆದುಕೊಂಡಳು. ಇಡೀ ನೀರು ಅವಳ ಹಬ್ಬದ ಹೊಸ ಉಡುಪಿನ ಮೇಲೆ ಬಿತ್ತು. ಅವಳು ಕಣ್ಣು ಒರೆಸಿಕೊಂಡು ಮುಂದಿನ ಮನೆಗೆ ಕೂಗಿದಳು: "ರಿಬಾಂಡ್ ಬರ್ತಿದೆ, ರಿಬಾಂಡ್! ಬಕೆಟ್ ಇಳಿಸ್ರೇ!"

ಮುಂದಿನ ಮನೆಯವರು ಅದರ ಮುಂದಿನವರಿಗೆ ಕೂಗಿದರು. ಆ ಕೂಗು ನಮಗಿಂತ ಮುಂದೆ ಓಡಿತು. ಚೊಂಬುಗಳು ಇಳಿದವು, ಪೈಪುಗಳು ಚರಂಡಿಗೆ ತಿರುಗಿದವು. ಡೋಲಿನವರೂ ನಿಲ್ಲಿಸಿದರು, ಸದ್ದಿಗೂ ಕೂದಲು ಬಗ್ಗುತ್ತದೆಯೇನೋ ಎಂಬಂತೆ. ಎಪ್ಪತ್ನಾಲ್ಕು ವರ್ಷದಲ್ಲಿ ನಾನು ಆ ಬೀದಿ ಅಷ್ಟು ಸುಮ್ಮನಿದ್ದದ್ದನ್ನು ಹಬ್ಬದ ದಿನ ಕಂಡಿರಲಿಲ್ಲ.

ಮೂಲೆಯಲ್ಲಿ ಅಗ್ನಿಶಾಮಕದ ಲಾರಿ. ಅದರ ಮೇಲೆ ದಪ್ಪ ಪೈಪು ಹಿಡಿದು ನಿಂತಿದ್ದವನು ಎದಿಲ್ಬೆರ್ತೊ, ನನ್ನ ಹಳೆಯ ವಿದ್ಯಾರ್ಥಿ, ಸದಾ ಕಿಟಕಿಯ ಪಕ್ಕದ ಬೆಂಚಿನವನು.

"ಇವತ್ತು ಒದ್ದೆಯಾಗದೆ ಹೋಗೋ ಹಾಗಿಲ್ಲ ಟೀಚರ್!" ಎಂದು ನಕ್ಕ. "ಸಂತನ ಪಾಲು ಬಿಡಕ್ಕಾಗತ್ತಾ?"

"ಎದಿಲ್ಬೆರ್ತೊ," ಎಂದೆ. ಅಷ್ಟೇ ಎಂದದ್ದು. ಅವನ ಕೈ ತಾನಾಗಿ ನಲ್ಲಿ ಮುಚ್ಚಿತು. ಆದರೆ ಅವನು ಹೇಳಿದ್ದೂ ನ್ಯಾಯವೇ. ಸುತ್ತ ಇದ್ದವರು ಗೊಣಗತೊಡಗಿದರು. ಹಬ್ಬದ ನೀರು ಬೇಡ ಎನ್ನುವುದು ಒಳ್ಳೆಯದಲ್ಲ, ಅದರಲ್ಲೂ ಮದುವೆಗೆ ಎರಡು ದಿನ ಇರುವಾಗ.

ಈಸ್ಕೋ ಬೀದಿಯ ನಡುವೆ ಎರಡೂ ಕೈ ಅಗಲಿಸಿ ನಿಂತ. "ಅವಳ ಪಾಲು ನನಗೆ ಹಾಕ್ರೋ! ನನ್ನ ಪಾಲು ಬೇರೆ, ಅವಳದ್ದು ಬೇರೆ. ಎರಡೂ ಹಾಕಿ!"

ನಾವು ಮೂವರೂ ಗೋಡೆಗೆ ಅಂಟಿಕೊಂಡು ಬದಿಯಿಂದ ದಾಟುವವರೆಗೆ ಎದಿಲ್ಬೆರ್ತೊ ಕಾದ. ಆಮೇಲೆ ನಲ್ಲಿ ತಿರುಗಿಸಿದ. ಈಸ್ಕೋ ಬಿದ್ದ, ಎದ್ದ, ಚಪ್ಪಲಿ ಒಂದು ಕಡೆ ತೇಲಿಹೋಯಿತು, ಮತ್ತೆ ಬಿದ್ದ. ಬೀದಿ ಹೋ ಎಂದಿತು. ಪಾನ್ಯಾಂಗ್ ತಿರುಗಿ ನೋಡಬೇಕೆಂದು ಒದ್ದಾಡಿದಳು.

"ಕತ್ತು ತಿರುಗಿಸ್ಬೇಡ!" ಎಂದಳು ಪೆರ್ಲಾ.

"ಬದುಕಿದ್ದಾನಾ?"

"ಬದುಕಿದ್ದಾನೆ, ಹಲ್ಲೂ ಇದೆ. ನಡಿ."

ಸಲೂನಿನಲ್ಲಿ ವಿದ್ಯುತ್ತಿತ್ತು. ಪೆರ್ಲಾ ತನ್ನ ತೋಯ್ದ ಬಟ್ಟೆಯ ಒಂದು ಹನಿಯೂ ಬೀಳದಿರಲೆಂದು ಉಡುಪು ಬದಲಾಯಿಸಿಕೊಂಡು, ಒಂದು ಗಂಟೆ ಎಳೆ ಎಳೆಯಾಗಿ ಕಾಯಿಸಿದಳು. ಮಡಿಕೆ ಹೋಯಿತು.

"ಹೋಯ್ತಾ?" ಎಂದಳು ಪಾನ್ಯಾಂಗ್, ಕಣ್ಣು ಮುಚ್ಚಿಕೊಂಡೇ.

"ಕಣ್ಣಿಗೆ ಕಾಣಲ್ಲ. ನಿಜ ಗೊತ್ತಾಗೋದು ನೀರು ಬಿದ್ದ ಮೇಲೆ. ಸುಳ್ಳು ಹೇಳಲ್ಲ ಅಕ್ಕ, ಮಡಿಕೆ ವಾಪಸ್ ಬಂದ್ರೂ ಬರಬಹುದು."

ಮೂರು ದಿನ ಮುಗಿಯುವವರೆಗೆ ಪಾನ್ಯಾಂಗ್ ಸಲೂನಿನಲ್ಲೇ ಉಳಿಯುವುದೆಂದಾಯಿತು. ಈಸ್ಕೋ ಸಂಜೆ ಗಾಜಿನ ಬಾಗಿಲ ಹೊರಗೆ ನಿಂತು, ಒಳಗೆ ಬಾರದೆ, ಒಂದು ಡಬ್ಬಿ ಅನ್ನ, ಹುರಿದ ಮೀನು ಇಟ್ಟ. ಬಟ್ಟೆ ಇನ್ನೂ ಒದ್ದೆಯಿತ್ತಂತೆ. ನಾನು ಅವನನ್ನು ಕೇಳಿದೆ, "ನಿನಗೆ ಯಾವ ಕೂದಲು ಇಷ್ಟ?"

"ನಾಲ್ಕು ತಿಂಗಳಿಗೆ ಬುಡದಿಂದ ಗುಂಗುರು ಹೊರಡತ್ತಂತೆ ಟೀಚರ್. ಮೇಲೊಂದು ಥರ, ಕೆಳಗೊಂದು ಥರ. ನನಗೆ ಎರಡೂ ಸಿಗತ್ತೆ," ಎಂದು ಗಾಜಿನಾಚೆಗಿನ ಅವಳಿಗೆ ಕೈ ಬೀಸಿದ.

ಇಪ್ಪತ್ತೈದರ ಸಂಜೆ ಐದಕ್ಕೆ ಹತ್ತು ನಿಮಿಷ ಇರುವಾಗ ಪೆರ್ಲಾ ಅವಳನ್ನು ತೊಳೆಯುವ ತೊಟ್ಟಿಯ ಹತ್ತಿರ ಕರೆದಳು. ಆಗ ಹೊರಗೆ ಸದ್ದಾಯಿತು. ನೋಡಿದರೆ ಬೀದಿ ತುಂಬ ಜನ. ಎಲ್ಲರ ಕೈಯಲ್ಲೂ ಒಂದೊಂದು ಚೊಂಬು. ಮುಂದೆ ಕಾರ್ಮೆಲಿನಾ, ಬೋಗುಣಿಯಲ್ಲಿ ಮಲ್ಲಿಗೆ ತೇಲಿಸಿಕೊಂಡು. ಎದಿಲ್ಬೆರ್ತೊ ಕೆಲಸದ ಉಡುಪಿನಲ್ಲೇ ಬಂದಿದ್ದ, ಪೈಪಿಲ್ಲದೆ, ಮಗಳ ಪುಟ್ಟ ಹಸಿರು ಮಗ್ ಹಿಡಿದು.

"ನಿನ್ನೆ ಹಬ್ಬದ ನೀರು ತೆಗೆದಿಟ್ಟಿದ್ವಿ ಪಾನ್ಯಾಂಗ್," ಎಂದಳು ಕಾರ್ಮೆಲಿನಾ. "ಈಸ್ಕೋ ಕುಡಿದಿದ್ದು ಅವನ ಹೊಟ್ಟೆಗೆ. ನಿನ್ನ ಪಾಲು ನಿನಗೆ."

ಪಾನ್ಯಾಂಗ್ ನನ್ನ ಕೈ ಹಿಡಿದಳು. "ಎಲ್ಲರ ಎದುರಿಗಾ, ಟೀಚರ್? ವಾಪಸ್ ಬಂದ್ರೆ?"

ನನಗೆ ಫೋಟೋದ ಆ ಪುಸ್ತಕ ನೆನಪಾಯಿತು. "ಬಂದ್ರೆ ಎರಡು ಡಬ್ಬಿ ಪಿನ್ನು ತರ್ತೀನಿ. ಪರದೆ ನಿಲ್ಲಿಸೋ ಜವಾಬ್ದಾರಿ ನಂದು," ಎಂದೆ.

ಅವಳು ಮೆಟ್ಟಿಲು ಇಳಿದು ಬೀದಿಯಲ್ಲಿ ನಿಂತಳು. ಪೆರ್ಲಾ ಗಡಿಯಾರವನ್ನೇ ಗೋಡೆಯಿಂದ ಕಿತ್ತು ತಂದಿದ್ದಳು. ಹತ್ತರಿಂದ ಎಲ್ಲರೂ ಕೆಳಕ್ಕೆ ಎಣಿಸಿದರು. ಮೂರು, ಎರಡು, ಒಂದು.

ನೀರು ಬಿತ್ತು. ಬೋಗುಣಿಯದು, ಚೊಂಬುಗಳದು, ಹಸಿರು ಮಗ್ಗಿನದು. ಪಾನ್ಯಾಂಗ್ ಕಣ್ಣು ಬಿಗಿದುಕೊಂಡಳು. ಅವಳ ಎರಡೂ ಕೈ ತಲೆಯ ಕಡೆಗೆ ಏರಿದವು. ಹುಟ್ಟಿದಾಗಿನಿಂದ ನೀರು ತಾಗಿದೊಡನೆ ಎದ್ದು ನಿಲ್ಲುತ್ತಿದ್ದ ಕೂದಲನ್ನು ಅದುಮಿ ಹಿಡಿಯಲು. ಅಲ್ಲಿ ಹಿಡಿಯಲು ಏನೂ ಇರಲಿಲ್ಲ. ಕೂದಲು ಬೆನ್ನಿಗೆ ಅಂಟಿ ನೀರಿನ ಜೊತೆಯಲ್ಲೇ ನೆಟ್ಟಗೆ ಇಳಿದಿತ್ತು.

ಪೆರ್ಲಾ ನೆತ್ತಿಯ ಮೇಲೆ ಬಾಚಣಿಗೆ ಇಟ್ಟು ಕೈ ಬಿಟ್ಟಳು. ಬಾಚಣಿಗೆ ಎಲ್ಲೂ ನಿಲ್ಲದೆ ಜಾರಿ, ತುದಿ ದಾಟಿ, ಟಪ್ಪೆಂದು ನೆಲಕ್ಕೆ ಬಿತ್ತು.

ಬೀದಿ ಕೂಗಿದ ಕೂಗಿಗೆ ಇಗರ್ಜಿಯ ಪಾರಿವಾಳಗಳೆಲ್ಲ ಎದ್ದವು. ಪಾನ್ಯಾಂಗ್ ಮಾತ್ರ ಕಣ್ಣು ತೆರೆದಿರಲಿಲ್ಲ. ಒದ್ದೆ ಮಲ್ಲಿಗೆಯೊಂದು ಅವಳ ಕೆನ್ನೆಗೆ ಅಂಟಿತ್ತು.

"ಇನ್ನೊಂದ್ಸಲ," ಎಂದಳು. "ಇನ್ನೊಂದ್ಸಲ ಹಾಕಿ."