ಹೆಣದ ಆಶೀರ್ವಾದ

ಎರಡನೆಯ ಸಲವೂ ಹೆಣ ಕೈ ಎತ್ತಿ ಆಶೀರ್ವಾದ ಮಾಡಿತು.

"ಕಟ್," ಎಂದಳು ನಿರ್ದೇಶಕಿ ಟುವಾ. ಅವಳ ದನಿಯಲ್ಲಿ ಕೋಪವಿರಲಿಲ್ಲ. ನೈನಾಳಿಗೆ ಹೆಚ್ಚು ಭಯವಾದದ್ದು ಅದಕ್ಕೇ. ಕ್ಯಾಮೆರಾ ಹಿಂದಿದ್ದವನು ನಗು ತಡೆಯಲಾರದೆ ತೋಳಿನಲ್ಲಿ ಮುಖ ಹುದುಗಿಸಿಕೊಂಡಿದ್ದ. ಕಪ್ಪು ಕಿಮೋನೊ ತೊಟ್ಟು, ಎಡಗೈಯಲ್ಲಿ ಸಾಮುರಾಯ್ ಕತ್ತಿ ಹಿಡಿದು, ನೈನಾ ಹೆಣದ ಪಕ್ಕದಲ್ಲಿ ಬಗ್ಗಿ ನಿಂತಿದ್ದಳು. ಅವಳ ಬಲಗೈ ಬೆರಳುಗಳು ಇನ್ನೂ ಕಣ್ಣಿನ ಹತ್ತಿರವೇ ಇದ್ದವು.

"ಸಾರಿ," ಎಂದಿತು ಹೆಣ, ಹುಲ್ಲಿನ ಟೋಪಿಯ ಅಡಿಯಿಂದ. "ಅಭ್ಯಾಸಬಲ. ಕೈ ತಾನಾಗೇ ಹೋಗ್ಬಿಡತ್ತೆ."

ಹೆಣವನ್ನು ದೂರಿ ಫಲವಿರಲಿಲ್ಲ. ಹೆಣವಾಗುವುದಕ್ಕೆ ಮೊದಲು, ಎಂದರೆ ಅದೇ ಬೆಳಿಗ್ಗೆಯ ತನಕ, ಅದು ಸ್ವೀಡನ್ನಿನ ಶೋವ್ಡೆ ಊರಿನ ಕಾರ್ ಎಂಜಿನ್ ಕಾರ್ಖಾನೆಯ ಎಂಜಿನಿಯರ್ ಅನಂತಕೃಷ್ಣ, ನೈನಾಳ ಸ್ವಂತ ಅಪ್ಪ. ಮಗಳ ಸಿನಿಮಾದ ಕಡೆಯ ದಿನವೆಂದು ರಜೆ ಹಾಕಿ, ಹೆಂಡತಿ ಲೀಲಾವತಿ ಕಲಸಿಕೊಟ್ಟ ಪುಳಿಯೋಗರೆಯನ್ನು ತಂಡದವರಿಗೆಲ್ಲ ಆಗುವಷ್ಟು ತುಂಬಿಕೊಂಡು, ಊರಾಚೆಯ ಗುಡ್ಡದ ಕಾಡಿಗೆ ಬಂದಿದ್ದರು. ಬಂದು ನೋಡಿದರೆ ಎಲ್ಲರ ಮುಖದಲ್ಲೂ ಸೂತಕದ ಕಳೆ. ಗುರುವಿನ ಪಾತ್ರ ಮಾಡುತ್ತಿದ್ದ ಹಳೆಯ ನಟ ಬೆಂಗ್ಟ್ ಹಿಂದಿನ ದಿನದ ಕಾದಾಟದಲ್ಲಿ ಸೊಂಟ ಹಿಡಿದುಕೊಂಡು ಮನೆಯಲ್ಲಿ ಮಲಗಿದ್ದರು. ಉಳಿದಿದ್ದದ್ದು ಒಂದೇ ದೃಶ್ಯ. ಅದರಲ್ಲಿ ಗುರು ಸತ್ತು ಬಿದ್ದಿರಬೇಕು, ಮುಖದ ಮೇಲೆ ಟೋಪಿ. ಟುವಾ ಅನಂತಕೃಷ್ಣರ ಎತ್ತರವನ್ನೂ ಹೊಟ್ಟೆಯನ್ನೂ ಕಣ್ಣಲ್ಲೇ ಅಳೆದಳು.

"ಹೆಣ ಆಗೋದಕ್ಕೆ ಬೇರೆ ವರ್ಕ್ ಪರ್ಮಿಟ್ ಬೇಡ ತಾನೇ?" ಎಂದು ಮಗಳನ್ನು ಕೇಳಿ ಅವರು ಕೋಟು ಬಿಚ್ಚಿಯೇಬಿಟ್ಟರು. ಮೈಸೂರಿನಲ್ಲಿ ಕಾಲೇಜು ನಾಟಕ ಆಡಿದ ಮನುಷ್ಯ. ಒಂದಾದರೂ ಡೈಲಾಗ್ ಇದೆಯೇ ಎಂದು ವಿಚಾರಿಸಿ, ಇಲ್ಲವೆಂದು ತಿಳಿದು, ಸ್ವಲ್ಪ ಪೆಚ್ಚಾಗಿ ಸತ್ತರು.

ಸಿನಿಮಾ ಟುವಾಳದ್ದಾದರೂ ಅದರ ಜೀವವೆಲ್ಲ ನೈನಾಳದ್ದು. ಇಬ್ಬರೂ ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಒಟ್ಟಿಗೆ ಓದುವವರು. ಹಳೆಯ ಕಾಲದ ಜಪಾನು. ಒಬ್ಬ ಕ್ರೂರ ಪಾಳೆಯಗಾರ. ಅವನನ್ನು ಮುಗಿಸಲೆಂದು ಗುರುವೊಬ್ಬ ಬೆಟ್ಟದ ಮೇಲೆ ಗುಟ್ಟಾಗಿ ಸಾಕಿದ ಐದು ಮಕ್ಕಳು. ಸ್ವೀಡನ್ನಿನಲ್ಲಿ ಐದು ಜನ ಜಪಾನಿನ ಹುಡುಗ ಹುಡುಗಿಯರನ್ನು ಎಲ್ಲಿಂದ ತರುವುದು? ಅದಕ್ಕೇ ಟುವಾ, ಅವರೆಲ್ಲ ಹಡಗು ಒಡೆದು ದಡ ಸೇರಿದ ಅನಾಥರು ಎಂದು ಬರೆದುಕೊಂಡಿದ್ದಳು. ಕಡೆಗೆ ಉಳಿಯುವವಳು ಸುಜು ಒಬ್ಬಳೇ. ಅಷ್ಟೂ ಮಕ್ಕಳನ್ನು ಪಾಳೆಯಗಾರನಿಗೆ ಮಾರಿಕೊಂಡವನು ಗುರುವೇ ಎಂದು ಅವಳಿಗೆ ಗೊತ್ತಾಗುತ್ತದೆ. ಅವಳು ಅವನನ್ನು ಕೊಂದು, ಅವನ ಎದೆಯ ಮೇಲೆ ಕಾಲಿಟ್ಟು, ನಾಟಿದ ಕತ್ತಿಯನ್ನು ಕಿತ್ತುಕೊಂಡು, ಹಿಂದೆ ನೋಡದೆ ಹೊರಟುಹೋಗುತ್ತಾಳೆ. ಅಲ್ಲಿಗೆ ಸಿನಿಮಾ ಮುಗಿಯಿತು.

ಸುಜುವಿನ ಪಾತ್ರವನ್ನು ನೈನಾ ಯಾರಿಂದಲೂ ಬೇಡಿ ಪಡೆದಿರಲಿಲ್ಲ. ಒಂಬತ್ತನೆಯ ವಯಸ್ಸಿನಿಂದ ಊರಿನ ಕ್ರೀಡಾಂಗಣದಲ್ಲಿ ಬಿದಿರು ಕತ್ತಿ ಹಿಡಿದು ಜಪಾನಿ ಕತ್ತಿವರಸೆ ಕಲಿತವಳು. ವರ್ಷವಿಡೀ ಕೆಸರಲ್ಲಿ ಬಿದ್ದು, ಮೊಣಕೈ ತರಚಿಕೊಂಡು, ಓರಗೆಯವರನ್ನು ಒದ್ದು ಬೀಳಿಸಿ ಒಂದೊಂದು ದೃಶ್ಯವನ್ನೂ ಗೆದ್ದಿದ್ದಳು. ಆಗೆಲ್ಲ ಯಾವ ತೊಂದರೆಯೂ ಇರಲಿಲ್ಲ. ಈ ಕಡೆಯ ದೃಶ್ಯವನ್ನು ಹುಲ್ಲು ತುಂಬಿದ ಮೂಟೆಯ ಮೇಲೆ ಕಾಲಿಟ್ಟು ಅಭ್ಯಾಸ ಮಾಡಿದ್ದಳು. ಮೂಟೆ ಅಪ್ಪನಾಗುತ್ತದೆಂದು ಕನಸು ಬಿದ್ದಿತ್ತೇ?

ಮೊದಲ ಸಲ ಅವಳ ಕಾಲು ಅಪ್ಪನ ಎದೆಯನ್ನು ಸೋಕಿದ್ದೇ ತಡ, ಕೈ ಬಗ್ಗಿ ಅಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡಿತ್ತು. ಅಪ್ಪನ ಕೈ ಎದ್ದು ಅವಳ ತಲೆಯ ಮೇಲೆ ಆಡಿತ್ತು. ತಂದೆಮಗಳು ಇಬ್ಬರಿಗೂ ತಾವು ಮಾಡಿದ್ದೇನೆಂದು ಗೊತ್ತಾದದ್ದು ಸುತ್ತಲಿನವರು ನಕ್ಕ ಮೇಲೆ. ಎರಡನೆಯ ಸಲ ನೈನಾ ಹಲ್ಲು ಕಚ್ಚಿ, ಕತ್ತಿ ಕಿತ್ತು, ಎರಡು ಹೆಜ್ಜೆ ನಡೆದೂ ಇದ್ದಳು. ಆಮೇಲೆ ಮೈಯೆಲ್ಲ ಮುಳ್ಳು ಹೊಕ್ಕಂತಾಗಿ ತಿರುಗಿ ಬಂದು ಅದೇ ಕೆಲಸ ಮಾಡಿದಳು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುವುದು ಸುಮ್ಮನೆ ಅಲ್ಲ.

ಸ್ವೀಡನ್ನಿನ ಜನ ಬೈಯುವುದಿಲ್ಲ. 'ಪರವಾಗಿಲ್ಲ, ಬೇರೆ ದಾರಿ ನೋಡೋಣ' ಎನ್ನುತ್ತಾರೆ. ಆ ಬೇರೆ ದಾರಿಯ ಹೆಸರು ಎಬ್ಬಾ. ನೈನಾಳ ಎತ್ತರದ್ದೇ ಹುಡುಗಿ, ಜಿಮ್ನಾಸ್ಟ್, ಅಪಾಯದ ಜಿಗಿತಗಳಿಗೆಂದು ನೈನಾಳಂತೆಯೇ ಕಪ್ಪು ಬಟ್ಟೆ ಹಾಕಿಕೊಂಡು ಒಂದು ಕಲ್ಲಿನ ಮೇಲೆ ಸಿದ್ಧವಾಗಿ ಕೂತಿದ್ದಳು.

"ಬೆಳಕು ಹೋಗುತ್ತಿದೆ," ಎಂದಳು ಟುವಾ, ಮೃದುವಾಗಿ. "ಬಾಡಿಗೆಯ ಬಟ್ಟೆಗಳನ್ನು ಇವತ್ತೇ ಹಿಂತಿರುಗಿಸಬೇಕು. ಎಬ್ಬಾ ಮಾಡಲಿ. ಹಿಂದಿನಿಂದ ತೆಗೆದರೆ ಯಾರಿಗೂ ತಿಳಿಯುವುದಿಲ್ಲ. ಎಲ್ಲರೂ ಒಂದು ಫೀಕಾ ಮುಗಿಸಿಕೊಳ್ಳಿ, ಈ ಕಾಫಿ ಬಿಡುವು ಆದ ಮೇಲೆ ಶುರುಮಾಡೋಣ."

ಯಾರಿಗೂ ತಿಳಿಯುವುದಿಲ್ಲವಂತೆ. ನೈನಾಳಿಗೆ ತಿಳಿಯುತ್ತದಲ್ಲ. ಸುಜು ಗೆದ್ದು ಹೊರಡುವ ಆ ಒಂದು ಗಳಿಗೆಗೋಸ್ಕರ ಅವಳು ವರ್ಷ ಸವೆಸಿದ್ದಳು. ಈಗ ಜನ ಕಡೆಗೆ ನೋಡುವುದು ಎಬ್ಬಾಳ ಬೆನ್ನನ್ನು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಸಿಟ್ಟು ತೋರಿಸಲು ಹತ್ತಿರದಲ್ಲಿದ್ದದ್ದು ಹೆಣ. ಅದು ಟೋಪಿಯನ್ನು ಹಿಂದಕ್ಕೆ ಸರಿಸಿಕೊಂಡು ಮರಕ್ಕೊರಗಿ ಕಾಫಿ ಕುಡಿಯುತ್ತಿತ್ತು. ಎದೆಯ ಮೇಲೆ, ಬಟ್ಟೆಯೊಳಗೆ ಕಟ್ಟಿದ್ದ ಹಲಗೆ ಉಬ್ಬಿಕೊಂಡಿತ್ತು. ಮೊಂಡು ಕತ್ತಿಯನ್ನು ಸಿಕ್ಕಿಸಲು ಮಾಡಿದ ಏರ್ಪಾಡು ಅದು.

"ಅಪ್ಪ, ನೀನ್ಯಾಕೆ ಕೈ ಎತ್ತಿದ್ದು? ಯು ಆರ್ ಡೆಡ್."

"ನೀನ್ಯಾಕೆ ಕಣ್ಣಿಗೊತ್ಕೊಂಡಿದ್ದು? ನೀನು ಕೊಲೆಗಾರ್ತಿ."

"ಕಾಲು ತಾಗ್ತಲ್ಲ."

"ತಾಗ್ಲೇಬೇಕಲ್ಲ ಕಣೇ, ಸ್ಕ್ರಿಪ್ಟಲ್ಲೇ ಹಾಗಿದೆ. ಮಧ್ಯ ಈ ಹಲಗೆ ಬೇರೆ ಇದೆ. ಹಲಗೆಗೆ ಒದೀತಿದೀನಿ ಅನ್ಕೋ."

"ಹಲಗೆ ಕೆಳಗೆ ನೀನಿದೀಯ." ನೈನಾ ಕತ್ತಿಯನ್ನು ಮರಕ್ಕೆ ಆನಿಸಿ ಅವರ ಎದುರು ಕೂತಳು. "ಎಲ್ಲಾ ನಿನ್ನಿಂದಾನೇ. ಪುಸ್ತಕಕ್ಕೆ ಕಾಲು ತಾಗಿದ್ರೆ ಮುಟ್ಟಿ ಕಣ್ಣಿಗೊತ್ಕೋ, ಮನುಷ್ಯರಿಗೆ ತಾಗಿದ್ರೆ ಒತ್ಕೋ. ಚಿಕ್ಕೋಳಿದ್ದಾಗ ಬಸ್ಸಲ್ಲಿ ಪಕ್ಕದ ಅಜ್ಜಿಗೆ ಕಾಲು ತಾಗಿದ್ರೆ ಅವರ ಮಂಡಿ ಮುಟ್ಟಿ ಕಣ್ಣಿಗೊತ್ಕೋತಿದ್ದೆ. ಮಗು ಅಳ್ತಿದೆ ಅಂತ ಅವ್ರು ಟಿಶ್ಯೂ ಕೊಡೋರು."

ಅನಂತಕೃಷ್ಣ ನಕ್ಕರು. ಮಗಳ ಮುಖ ನೋಡಿ ನಗುವನ್ನು ನುಂಗಿಕೊಂಡರು. ಅವರಿಗೂ ಒಳಗೊಳಗೇ ಸಂಕಟವಾಗಿತ್ತು. ಊಟ ಕೊಟ್ಟು ಹೋಗಲು ಬಂದವರು ಮಗಳ ಒಂದು ವರ್ಷದ ಬೆವರಿನ ಮೇಲೆ ಕೂತುಬಿಟ್ಟಿದ್ದರು.

"ಈಗ ನಾನೇ ಹೇಳ್ತಿದೀನಿ, ಅದೆಲ್ಲ ಬೇಡ," ಎಂದರು. "ಕಲಿಸ್ದೋನೂ ನಾನೇ, ಬಿಡಿಸ್ತಿರೋನೂ ನಾನೇ. ಆಯ್ತಾ? ತುಳಿದ್ಬಿಟ್ಟು ಹೋಗು."

"ಹಾಗೆ ಬಿಡು ಅಂದ್ರೆ ಬಿಟ್ಟೋಗಲ್ಲ ಅಪ್ಪ."

ಹೇಳಿದ ಮಾತು ಅವಳ ಕಿವಿಗೇ ತಿರುಗಿ ಬಂದು ಬಡಿಯಿತು. ಸುಜುವಿಗೂ ಹಾಗೇ ಅಲ್ಲವೇ? ಒಂದು ವರ್ಷದ ಕೂಸನ್ನು ದಡದಿಂದ ಎತ್ತಿ ತಂದು, ಗಂಜಿ ಕುಡಿಸಿ, ಬೀಳದೆ ನಡೆಯಲು ಕಲಿಸಿದವನು ಆ ಗುರುವೇ. ಅವನ ಎದೆಯ ಮೇಲೆ ಕಾಲಿಟ್ಟರೂ ಏನೂ ಆಗದವಳು ಸ್ಕ್ರಿಪ್ಟಿನಲ್ಲಿ ಮಾತ್ರ ಇದ್ದಾಳು. ಹೆದರಿಕೊಂಡು ಕಣ್ಣಿಗೊತ್ತಿಕೊಂಡವಳು ನೈನಾ. ಸುಜುವಾದರೆ ಹೆದರುವುದಿಲ್ಲ, ಆದರೆ ಮರೆಯುವುದೂ ಇಲ್ಲ.

ಅವಳು ಎದ್ದು ನೇರವಾಗಿ ಟುವಾಳ ಬಳಿ ಹೋದಳು. "ಸುಜುವಿಗೆ ಊಟ ಮಾಡಲು ಕಲಿಸಿದವರು ಯಾರು?"

"ಗುರು," ಎಂದಳು ಟುವಾ, ಕಾಫಿ ಲೋಟದಿಂದ ತಲೆಯೆತ್ತದೆ.

"ಕತ್ತಿ ಹಿಡಿಯಲು?"

"ಅವನೇ. ಎಲ್ಲಿಗೆ ಬಂತು ಮಾತು?"

"ಅವನ ಎದೆ ತುಳಿದರೆ ಅವಳಿಗೆ ಏನೂ ಅನ್ನಿಸುವುದಿಲ್ಲವೇ?"

"ಅವಳು ಗೆದ್ದಿದ್ದಾಳೆ ನೈನಾ. ನಿನ್ನ ಕೈ ಕಣ್ಣಿಗೆ ಹೋದರೆ ಕ್ಷಮೆ ಕೇಳಿದಂತೆ ಕಾಣುತ್ತದೆ. ಗೆದ್ದವಳು ಯಾಕೆ ಕ್ಷಮೆ ಕೇಳಬೇಕು?"

"ಇಷ್ಟು ಹೊತ್ತು ನಾನು ಕೇಳುತ್ತಿದ್ದದ್ದು ಕ್ಷಮೆಯೇ, ಒಪ್ಪಿದೆ. ಈಗ ಕೇಳುವುದಿಲ್ಲ. ಅವನು ಕೊಟ್ಟದ್ದನ್ನು ಅವನಿಗೇ ಹಿಂದಕ್ಕೆ ಕೊಟ್ಟು ಹೊರಡುತ್ತೇನೆ. ಒಂದು ಸಲ ತೆಗೆದು ನೋಡು. ಸರಿಹೋಗದಿದ್ದರೆ ಎಬ್ಬಾ ಮಾಡಲಿ, ನಾನೇ ಅವಳಿಗೆ ಕತ್ತಿ ಹಿಡಿದುಕೊಡುತ್ತೇನೆ."

"ಜಪಾನಿನಲ್ಲಿ ಯಾರೂ ಹಾಗೆ ಮಾಡುವುದಿಲ್ಲ."

"ಸುಜು ಹಡಗಿನಿಂದ ಬಂದವಳು. ಹಡಗು ಯಾವ ದೇಶದ್ದೆಂದು ನೀನು ಬರೆದಿಲ್ಲ."

ಕಲ್ಲಿನ ಮೇಲಿದ್ದ ಎಬ್ಬಾ ಜಾಕೆಟ್ಟಿನ ಜಿಪ್ಪನ್ನು ಗಂಟಲ ತನಕ ಎಳೆದುಕೊಂಡು, "ನನಗೂ ನೋಡುವ ಆಸೆ," ಎಂದಳು. ಟುವಾ ಮರಗಳ ತುದಿಗೆ ಇಳಿದಿದ್ದ ಸೂರ್ಯನನ್ನು ನೋಡಿದಳು.

"ಒಂದು ಸಲ," ಎಂದಳು. "ಆದರೆ ಹೆಣ ಅಲ್ಲಾಡಕೂಡದು."

ಹೆಣಕ್ಕೆ ತನ್ನ ಮೇಲೆ ನಂಬಿಕೆ ಇರಲಿಲ್ಲ. "ನನ್ನ ಕೈ ಕಟ್ಟಿಬಿಡಿ," ಎಂದು ಅದೇ ಕೇಳಿಕೊಂಡಿತು. ಎಬ್ಬಾ ಹಗ್ಗ ತಂದು ಅನಂತಕೃಷ್ಣರ ಎರಡು ಕೈಗಳನ್ನೂ ಬೆನ್ನ ಹಿಂದೆ ಸೇರಿಸಿ ಕಟ್ಟಿ, ಅವರನ್ನು ಪಾಚಿಯ ಮೇಲೆ ಮಲಗಿಸಿ, ಟೋಪಿ ಮುಚ್ಚಿದಳು. ಹಲಗೆಗೆ ಕತ್ತಿಯನ್ನು ನೆಟ್ಟರು. ಟೋಪಿಯೊಳಗಿನಿಂದ ಕಡೆಯ ಮಾತೊಂದು ಬಂತು. "ಪುಟ್ಟೀ, ಪೂರ್ತಿ ಭಾರ ಹಾಕಿ ತುಳೀಬೇಕು. ನಾಟಕ ಮಾಡ್ಬೇಡ."

ಟುವಾ ಕೈ ಇಳಿಸಿದಳು. ಕ್ಯಾಮೆರಾ ಓಡತೊಡಗಿತು.

ನೈನಾ ಬಂದು ಹೆಣದ ಮೇಲೆ ನಿಂತು ನೋಡಿದಳು. ಅವಸರವಿರಲಿಲ್ಲ. ಬಲಗಾಲನ್ನೆತ್ತಿ ಎದೆಯ ಮೇಲೆ ಇಟ್ಟಳು, ಪೂರ್ತಿ ಭಾರ ಹಾಕಿ ಇಟ್ಟಳು. ಹಲಗೆ ಕಿರುಗುಟ್ಟಿತು, ಕೆಳಗಿನಿಂದ ಉಸಿರೊಂದು ಹಿಸುಕಿ ಹೊರಬಂತು. ಸತ್ತವರಿಂದಲೂ ಅಷ್ಟು ಗಾಳಿ ಬರಬಹುದು. ಅವಳು ಎರಡೂ ಕೈಯಲ್ಲಿ ಹಿಡಿ ಹಿಡಿದು ಒಂದೇ ಸೆಳೆತಕ್ಕೆ ಕತ್ತಿಯನ್ನು ಕಿತ್ತಳು. ಕಾಲು ತೆಗೆದಳು. ಕೈ ಅಲ್ಲೇ, ಆ ಗಳಿಗೆಯಲ್ಲೇ, ಹೋಗಲು ಹವಣಿಸಿತು. ಬೇಡ, ಎಂದಳು ಅದಕ್ಕೆ. ಕೈ ಕೇಳಿತು. ಅವಳು ಹುಟ್ಟಿದ ಮೇಲೆ ಅದು ಮೊದಲ ಸಲ ಕೇಳಿದ್ದು.

ಕತ್ತಿಯನ್ನು ಒರಸಿ ಒರೆಗೆ ಸೇರಿಸಿದಳು. ಗುರುವಿನ ಕಿಮೋನೊ ಅಂಚು ಮಡಿಚಿಕೊಂಡಿತ್ತು, ಅದನ್ನು ಸರಿಮಾಡಿದಳು. ಇದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ, ಟುವಾ ತಡೆಯಲೂ ಇಲ್ಲ. ಆಮೇಲೆ ಮಂಡಿಯೂರಿ, ತಾನು ತುಳಿದ ಜಾಗವನ್ನು ಬೆರಳ ತುದಿಯಿಂದ ಮುಟ್ಟಿ, ಆ ಬೆರಳನ್ನು ಒಂದು ಕಣ್ಣಿಗೆ, ಇನ್ನೊಂದು ಕಣ್ಣಿಗೆ ಒತ್ತಿಕೊಂಡಳು. ಕಣ್ಣು ತೆರೆದಾಗ ಅದರಲ್ಲಿ ನೀರಿರಲಿಲ್ಲ. ಅವಳಿಗೆ ಮೈಯೆಲ್ಲ ಹಗುರವಾಗಿ, ಎಂದೂ ಇಲ್ಲದ ಸಂತೋಷವಾಯಿತು. ಸುಜುವಿಗೂ ಹೀಗೇ ಆಗಿದ್ದೀತು ಎನ್ನಿಸಿತು. ಎದ್ದು, ಬೆನ್ನು ತಿರುಗಿಸಿ ಹೊರಟಳು.

ಯಾರೂ ಕಟ್ ಎನ್ನಲಿಲ್ಲ. ಅನ್ನದಿದ್ದರೆ ನಿಲ್ಲುವಂತಿಲ್ಲ, ಅದು ಅವರ ತಂಡದ ಕಟ್ಟುಪಾಡು. ನೈನಾ ನಡೆದಳು. ಕ್ಯಾಮೆರಾಕ್ಕೆ ಎಟಕುವ ಜಾಗ ದಾಟಿ, ಎರಡು ಬಿಳಿ ಬರ್ಚ್ ಮರಗಳ ನಡುವೆ ಹಾದು, ಕಾಲುದಾರಿ ಹಿಡಿದಳು. ಬಹಳ ಹೊತ್ತಿನ ಮೇಲೆ ಹಿಂದಿನಿಂದ ಟುವಾಳ ದನಿ ಕೇಳಿತು, ಅರ್ಧ ಒಡೆದ ದನಿ. "ಟಾಕ್," ಎಂದಿದ್ದಳು, ಧನ್ಯವಾದ ಎಂದು. ಅಷ್ಟೇ. ನಂತರ ಒಂದು ಚಪ್ಪಾಳೆ. ಅದು ಎಬ್ಬಾಳದ್ದಿರಬೇಕು, ಆ ದಿಕ್ಕಿನಿಂದಲೇ ಬಂತು. ಆಮೇಲೆ ಎಲ್ಲರದ್ದೂ.

"ಸೂಪರ್ ಕಣೇ ಮಗಳೇ," ಎಂದು ಹೆಣ ಕೂಗಿತು. ಚಪ್ಪಾಳೆ ತಟ್ಟಲು ಕೈ ಇರಲಿಲ್ಲ. ಅದಕ್ಕೇ ಸಿಳ್ಳೆ ಹಾಕಿತು. ಬೆರಳಿಲ್ಲದೆ ಬರೀ ತುಟಿಯಲ್ಲಿ ಹಾಕಿದ, ಮೈಸೂರಿನ ಟಾಕೀಸಿನಲ್ಲಿ ಪರದೆಯ ಮುಂದಿನ ಬೆಂಚಿನಿಂದ ಹೊರಡುವಂಥ ಉದ್ದ ಸಿಳ್ಳೆ. ಆ ಕಾಡು ಹುಟ್ಟಿದಂದಿನಿಂದ ಅಂಥದ್ದನ್ನು ಕೇಳಿರಲಾರದು. ನೈನಾಳಿಗೆ ನಗು ಉಕ್ಕಿ ಬಂತು. ಆದರೂ ತಿರುಗಲಿಲ್ಲ, ನಡಿಗೆ ನಿಧಾನ ಮಾಡಲಿಲ್ಲ.

ದಾರಿಯ ತಿರುವಿನಲ್ಲಿ ಡಾಗಿಸ್ ಎನ್ನುವ ಶಿಶುವಿಹಾರದ ಮಕ್ಕಳ ಸಾಲೊಂದು ಎದುರಾಯಿತು. ಹೊಳೆಯುವ ಹಳದಿ ಮೇಲಂಗಿ ತೊಟ್ಟ ಪುಟಾಣಿಗಳು, ತಪ್ಪಿಹೋಗದಂತೆ ಒಂದೇ ಉದ್ದನೆಯ ಹಗ್ಗ ಹಿಡಿದು, ಕಾಡು ಸುತ್ತಿ ತಿಂಡಿಗೆ ವಾಪಸ್ಸು ಹೊರಟಿದ್ದವು. ಕಪ್ಪು ಕಿಮೋನೊ, ಕೆಸರು ಮೆತ್ತಿದ ಕೆನ್ನೆ, ಸೊಂಟದಲ್ಲಿ ಉದ್ದ ಕತ್ತಿಯವಳನ್ನು ಕಂಡು ಸಾಲು ನಿಂತುಬಿಟ್ಟಿತು. ಮುಂದಿದ್ದ ಮೇಷ್ಟ್ರು ಬಾಯಿ ತೆರೆಯುವುದರೊಳಗೆ ಮಕ್ಕಳೇ ಒಬ್ಬರಾದ ಮೇಲೊಬ್ಬರು ಅಂಚಿಗೆ ಸರಿದು, ಬೆನ್ನು ಪೊದೆಗೆ ತಾಗುವಷ್ಟು ಹಿಂದಾಗಿ, ಅವಳಿಗೆ ದಾರಿ ಬಿಟ್ಟರು. ನೈನಾ ತಲೆ ಎತ್ತಿಕೊಂಡೇ ಅವರ ಮುಂದೆ ಹಾದುಹೋದಳು. ಸಾಲಿನ ಕಡೆಯ ಮಗು ಹಗ್ಗವನ್ನು ಬಿಟ್ಟು, ಎರಡೂ ಕೈಗವಸುಗಳನ್ನು ಬಾಯಿಯ ಮೇಲೆ ಒತ್ತಿಕೊಂಡು ನಿಂತಿತ್ತು.